ಒಬ್ಬನೇ ಹೊರಟವನು

1984ರ ಫೆಬ್ರವರಿ 13. ಅಲಾಸ್ಕಾದ ಮೆಕಿನ್ಲಿ ಪರ್ವತದ ಬಳಿ ಒಂದು ಪುಟ್ಟ ವಿಮಾನ ಸುತ್ತು ಹೊಡೆಯುತ್ತಿತ್ತು. ಒಳಗೆ ಜಪಾನಿನಿಂದ ಬಂದ ಛಾಯಾಗ್ರಾಹಕರು. ರೇಡಿಯೋದ ಗೊರಗೊರ ಸದ್ದಿನ ನಡುವೆ ಕೆಳಗಿನಿಂದ ಒಂದು ದನಿ ತುಂಡುತುಂಡಾಗಿ ಕೇಳಿಸಿತು. ನಿನ್ನೆ ಶಿಖರ ಮುಟ್ಟಿದೆ, ಈಗ 18 ಸಾವಿರ ಅಡಿಗೆ ಇಳಿದಿದ್ದೇನೆ, ಇನ್ನೆರಡು ದಿನದಲ್ಲಿ ಕೆಳಗಿನ ಶಿಬಿರ ತಲುಪುತ್ತೇನೆ ಎಂಬುದು ಆ ಮಾತಿನ ಸಾರಾಂಶ. ಆ ಚಳಿಗಾಲದಲ್ಲಿ ಆ ಪರ್ವತದ ನೆತ್ತಿಯನ್ನು ಒಬ್ಬನೇ ಹತ್ತಿದವರು ಅದುವರೆಗೆ ಯಾರೂ ಇರಲಿಲ್ಲ. ಹತ್ತಿದ ದಿನ, ಅಂದರೆ ಫೆಬ್ರವರಿ 12, ಆ ಮನುಷ್ಯನ 43ನೆಯ ಹುಟ್ಟುಹಬ್ಬ.

ಆಮೇಲೆ ಆ ದನಿಯನ್ನು ಯಾರೂ ಕೇಳಲಿಲ್ಲ.

ನವೋಮಿ ಉಯೆಮುರ ಎಂಬ ಈ ಹೆಸರು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಎವರೆಸ್ಟ್ ಎಂದರೆ ನಮಗೆ ತೇನ್‌ಸಿಂಗ್ ಮತ್ತು ಹಿಲರಿ. ಧ್ರುವ ಎಂದರೆ ಅಮುಂಡ್ಸನ್ ಮತ್ತು ಸ್ಕಾಟ್. ಶಾಲೆಯ ಪಾಠದಲ್ಲಿ ಓದಿದ್ದು ಅಲ್ಲಿಗೇ ನಿಂತುಬಿಡುತ್ತದೆ. ಆದರೆ ಜಪಾನಿನಲ್ಲಿ ಉಯೆಮುರ ಮನೆಮಾತು. ಎವರೆಸ್ಟ್ ಹತ್ತಿದ ಮೊದಲ ಜಪಾನೀಯರಲ್ಲಿ ಒಬ್ಬ, ಐದು ಖಂಡಗಳ ಅತ್ಯುನ್ನತ ಶಿಖರಗಳನ್ನೆಲ್ಲ ಹತ್ತಿದ ಮೊದಲಿಗ, ಉತ್ತರ ಧ್ರುವಕ್ಕೆ ಹಿಮದ ಮೇಲೆ ಒಬ್ಬನೇ ಹೋಗಿ ಮುಟ್ಟಿದ ಮೊದಲಿಗ. ಇಷ್ಟೆಲ್ಲ ಮಾಡಿದವನು ಐದೂಕಾಲು ಅಡಿ ಎತ್ತರದ, ನಾಲ್ಕು ಜನರ ಮುಂದೆ ಮಾತಾಡಲು ಸಂಕೋಚಪಡುವ, ಕಾಲೇಜಿನಲ್ಲಿ ಗೆಳೆಯರ ಗೇಲಿಗೆ ಗುರಿಯಾಗಿದ್ದ ಒಬ್ಬ ರೈತನ ಮಗ.

ಉಯೆಮುರ ಹುಟ್ಟಿದ್ದು 1941ರಲ್ಲಿ, ಜಪಾನಿನ ಹ್ಯೋಗೊ ಪ್ರಾಂತ್ಯದ ಹಿದಾಕ ಎಂಬಲ್ಲಿ. ಈಗ ಅದು ತೊಯೊವೊಕ ನಗರಕ್ಕೆ ಸೇರಿದೆ. ಭತ್ತದ ಗದ್ದೆ, ಹೊಳೆ, ಸುತ್ತ ಗುಡ್ಡ. ಮನೆಯ ಮಕ್ಕಳಲ್ಲಿ ಇವನೇ ಕಿರಿಯ. 1960ರಲ್ಲಿ ತೋಕಿಯೋದ ಮೇಜಿ ವಿಶ್ವವಿದ್ಯಾಲಯ ಸೇರಿದಾಗ ಅಲ್ಲಿನ ಪರ್ವತಾರೋಹಣ ಸಂಘಕ್ಕೂ ಹೆಸರು ಕೊಟ್ಟ. ಆ ಕಾಲದ ಜಪಾನಿನ ವಿಶ್ವವಿದ್ಯಾಲಯಗಳ ಇಂಥ ಸಂಘಗಳೆಂದರೆ ಸೈನ್ಯದ ತರಬೇತಿಗೆ ಕಡಿಮೆ ಇರಲಿಲ್ಲ. ಹೊಸಬರು ಹಿರಿಯರ ಹೊರೆ ಹೊತ್ತು ಬೆಟ್ಟ ಹತ್ತಬೇಕು, ತಡವಾದರೆ ಬೈಗುಳ. ಉಯೆಮುರ ಪದೇಪದೇ ಎಡವಿ ಬಿದ್ದು ಉರುಳುತ್ತಿದ್ದನಂತೆ. ಅದಕ್ಕೆ ಗೆಳೆಯರು ಇಟ್ಟ ಅಡ್ಡಹೆಸರು ‘ದೊಂಗುರಿ’. ಅಂದರೆ ಓಕ್ ಮರದಿಂದ ಉದುರಿ ನೆಲದ ಮೇಲೆ ಉರುಳಾಡುವ ಗುಂಡುಕಾಯಿ. ಬೀಳುವುದನ್ನು ತಪ್ಪಿಸಲು ಈ ಹುಡುಗ ಕಂಡುಕೊಂಡ ಉಪಾಯ ಸರಳ: ಉಳಿದವರಿಗಿಂತ ಹೆಚ್ಚು ದಿನ ಬೆಟ್ಟದಲ್ಲಿ ಕಳೆಯುವುದು.

ಇಲ್ಲಿ ಒಂದು ಹಿನ್ನೆಲೆ ಹೇಳಬೇಕು. ಯುದ್ಧದಲ್ಲಿ ಸೋತ ಜಪಾನಿನಲ್ಲಿ ಸಾಮಾನ್ಯ ಪ್ರಜೆ ಸುಮ್ಮನೆ ಊರು ನೋಡಲೆಂದು ವಿದೇಶಕ್ಕೆ ಹೋಗುವಂತಿರಲಿಲ್ಲ. ವಿದೇಶಿ ವಿನಿಮಯದ ಕೊರತೆ ಅದಕ್ಕೆ ಕಾರಣ. ಆ ನಿರ್ಬಂಧ ಸಡಿಲವಾದದ್ದು 1964ರ ಏಪ್ರಿಲ್ 1ರಂದು. ಅದಾದ ಒಂದೇ ತಿಂಗಳಿಗೆ, ಮೇ 2ರಂದು, ಆಗಷ್ಟೇ ಪದವಿ ಮುಗಿಸಿದ್ದ ಉಯೆಮುರ ಯೊಕೊಹಾಮ ಬಂದರಿನಲ್ಲಿ ‘ಅರ್ಜೆಂಟೀನಾ ಮಾರು’ ಎಂಬ ವಲಸೆ ಹಡಗು ಹತ್ತಿದ. ಜೇಬಿನಲ್ಲಿ 110 ಡಾಲರ್. ಹೋಗಬೇಕಾಗಿದ್ದದ್ದು ಯೂರೋಪಿನ ಆಲ್ಪ್ಸ್ ಪರ್ವತಕ್ಕೆ. ಹಡಗು ಹೋಗುತ್ತಿದ್ದದ್ದು ಅಮೆರಿಕಕ್ಕೆ. ಆ ದುಡ್ಡಿನಲ್ಲಿ ಯೂರೋಪ್ ಮುಟ್ಟುವ ಹಾಗಿರಲಿಲ್ಲವಾದ್ದರಿಂದ ಅಮೆರಿಕದಲ್ಲಿ ದುಡಿದು ಮುಂದಿನ ದಾರಿ ನೋಡಿಕೊಳ್ಳುವುದು ಎಂದು ಲೆಕ್ಕ.

ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ದ್ರಾಕ್ಷಿ ಕೀಳುವ ಕೆಲಸ ಸಿಕ್ಕಿತು. ಕೆಲಸದ ಪರವಾನಗಿ ಇರಲಿಲ್ಲ. ವಲಸೆ ಅಧಿಕಾರಿಗಳ ಕೈಗೆ ಸಿಕ್ಕಿಬಿದ್ದ. ಹೊಟ್ಟೆಪಾಡಿಗೆ ಬಂದವನಲ್ಲ, ಆಲ್ಪ್ಸ್ ಹತ್ತಲು ಹಣ ಕೂಡಿಸುತ್ತಿದ್ದೇನೆ ಎಂದು ಹೇಳಿದ್ದನ್ನು ಅಧಿಕಾರಿಗಳು ಹೇಗೆ ನಂಬಿದರೋ ಏನೋ, ಜಪಾನಿಗೆ ಅಟ್ಟುವ ಬದಲು ಫ್ರಾನ್ಸಿಗೆ ಹೋಗಲು ಬಿಟ್ಟರು. ಅಲ್ಲಿ ಮೊರ್ಜಿನ್ ಎಂಬ ಊರಿನ ಬಳಿಯ ಸ್ಕೀ ತಾಣದಲ್ಲಿ ನೌಕರಿ. ಕೆಲಸ ಕೊಟ್ಟವನು ಜಾನ್ ವುವಾರ್ನೆ, 1960ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಿದ್ದವನು. ಉಯೆಮುರನಿಗೆ ಸ್ಕೀ ಸರಿಯಾಗಿ ಬರುತ್ತಿರಲಿಲ್ಲ. ಬರುತ್ತದೆ ಎಂದು ಹೇಳಿ ಸೇರಿಕೊಂಡಿದ್ದ. ಮೊದಲ ದಿನವೇ ಗುಟ್ಟು ರಟ್ಟಾದರೂ ಕೆಲಸ ಉಳಿಯಿತು. ಹೀಗೆ ಹಿಮ ಗುಡಿಸುವ, ಕಂಬ ನೆಡುವ ಕೂಲಿಯಿಂದ ಕೂಡಿಟ್ಟ ಕಾಸಿನಲ್ಲಿ ಮುಂದಿನ ವರ್ಷಗಳ ಯಾತ್ರೆಗಳೆಲ್ಲ ನಡೆದವು.

ಆ ವರ್ಷವೇ ಮೋ ಬ್ಲಾಂ ಪರ್ವತವನ್ನು ಒಬ್ಬನೇ ಹತ್ತಲು ಹೋಗಿ ಹಿಮಬಿರುಕಿಗೆ ಬಿದ್ದ. ಹಿಮಬಿರುಕು ಎಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಈ ಕಥೆಯಲ್ಲಿ ಅದು ಮತ್ತೆ ಬರುತ್ತದೆ. ಹಿಮನದಿ ನಿಂತ ಮಂಜುಗಡ್ಡೆಯಲ್ಲ. ಬಲು ನಿಧಾನವಾಗಿ ಇಳಿಜಾರಿನಲ್ಲಿ ಹರಿಯುವ ಮಂಜುಗಡ್ಡೆ. ತಳದ ಬಂಡೆ ಉಬ್ಬುತಗ್ಗಾಗಿರುವಲ್ಲಿ ಮೇಲಿನ ಗಡ್ಡೆ ಬಾಗಲಾರದೆ ಸೀಳುತ್ತದೆ. ಸೀಳು ಹತ್ತಾರು ಮೀಟರ್ ಆಳ ಇರಬಹುದು. ಅದರ ಬಾಯಿಯ ಮೇಲೆ ಹೊಸ ಹಿಮ ಬಿದ್ದು ತೆಳುವಾದ ಸೇತುವೆಯಂತೆ ಮುಚ್ಚಿಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಸಮತಟ್ಟು ನೆಲ! ಅದಕ್ಕೇ ಆರೋಹಿಗಳು ಒಬ್ಬರನ್ನೊಬ್ಬರು ಹಗ್ಗದಲ್ಲಿ ಕಟ್ಟಿಕೊಂಡು ನಡೆಯುತ್ತಾರೆ. ಒಬ್ಬ ಬಿದ್ದರೆ ಇನ್ನಿಬ್ಬರು ಹಿಡಿಯುತ್ತಾರೆ. ಒಂಟಿಯಾಗಿ ಹೋದವನಿಗೆ ಆ ಹಗ್ಗದ ಇನ್ನೊಂದು ತುದಿ ಇಲ್ಲ. ಉಯೆಮುರ ಬದುಕಿದ್ದು ಬೆನ್ನಿನ ಚೀಲ ಮತ್ತು ಬೂಟಿನ ಮುಳ್ಳುಗಳು ಸೀಳಿನ ಗೋಡೆಗೆ ಸಿಕ್ಕಿಕೊಂಡದ್ದರಿಂದ.

1965ರಲ್ಲಿ ಮೇಜಿ ವಿಶ್ವವಿದ್ಯಾಲಯದ ತಂಡ ನೇಪಾಳದ ಗೋಜುಂಬ ಕಾಂಗ್ ಶಿಖರಕ್ಕೆ ಹೊರಟಾಗ ಫ್ರಾನ್ಸಿನಿಂದಲೇ ಹೋಗಿ ಸೇರಿಕೊಂಡ. ಅದುವರೆಗೆ ಯಾರೂ ಹತ್ತದಿದ್ದ ಆ ಶಿಖರವನ್ನು ಏಪ್ರಿಲ್ 23ರಂದು ಶೆರ್ಪಾ ಪೆಂಬ ತೆನ್‌ಜಿಂಗ್ ಜೊತೆ ಮುಟ್ಟಿದ. ಪತ್ರಿಕೆಗಳಲ್ಲಿ ಹೆಸರು ಬಂತು. ಆದರೆ ಅದು ಅವನಿಗೆ ಸಂತೋಷಕ್ಕಿಂತ ಹೆಚ್ಚು ಮುಜುಗರ ತಂದಿತು. ತಿಂಗಳುಗಟ್ಟಲೆ ತಯಾರಿ ಮಾಡಿದವರು, ಹೊರೆ ಸಾಗಿಸಿದವರು, ದಾರಿ ಕಡಿದವರು ಬೇರೆ; ಕೊನೆಗೆ ಬಂದು ಸೇರಿದವನ ಹೆಸರು ಮಾತ್ರ ಮುಖಪುಟದಲ್ಲಿ. ತಂಡದ ಶ್ರಮದಲ್ಲಿ ಒಬ್ಬನಿಗೆ ಕೀರ್ತಿ ಬರುವ ಈ ವ್ಯವಸ್ಥೆ ಅವನ ಮನಸ್ಸಿಗೆ ಒಗ್ಗಲಿಲ್ಲ. ಒಬ್ಬನೇ ಹೋದರೆ ಗೆದ್ದರೂ ತನ್ನದೇ, ಸೋತರೂ ತನ್ನದೇ. ಒಂಟಿತನವನ್ನು ಶೌರ್ಯಕ್ಕಾಗಿ ಆರಿಸಿಕೊಂಡವರುಂಟು. ಉಯೆಮುರ ಆರಿಸಿಕೊಂಡದ್ದು ಸಂಕೋಚದಿಂದ ಎಂದೇ ಈ ಲೇಖಕನ ಅನಿಸಿಕೆ.

ಆಮೇಲಿನ ಪಟ್ಟಿ ಉದ್ದವಿದೆ. 1966ರಲ್ಲಿ ಮೋ ಬ್ಲಾಂ, ಮ್ಯಾಟರ್‌ಹಾರ್ನ್, ಆಫ್ರಿಕಾದ ಕಿಲಿಮಂಜಾರೊ. 1968ರಲ್ಲಿ ದಕ್ಷಿಣ ಅಮೆರಿಕದ ಅಕೊಂಕಾಗುವ. ಹತ್ತಿ ಇಳಿದವನು ಸುಮ್ಮನೆ ಊರಿಗೆ ಬರಲಿಲ್ಲ, ಮರದ ದಿಮ್ಮಿಗಳ ತೆಪ್ಪದ ಮೇಲೆ ಅಮೆಜಾನ್ ನದಿಯಲ್ಲಿ ಆರು ಸಾವಿರ ಕಿ.ಮೀ. ತೇಲಿದ. 1970ರ ಮೇ 11ರಂದು ತೆರುವೊ ಮತ್ಸುವುರನ ಜೊತೆ ಎವರೆಸ್ಟ್. (ನಮ್ಮವರು ಅಲ್ಲಿಗೆ ಐದು ವರ್ಷ ಮೊದಲೇ ಹೋಗಿದ್ದರು. 1965ರ ಮೇ ತಿಂಗಳಲ್ಲಿ ಕೊಹ್ಲಿ ನೇತೃತ್ವದ ಭಾರತೀಯ ತಂಡದ ಒಂಬತ್ತು ಮಂದಿ ಎವರೆಸ್ಟ್ ತುದಿ ಮುಟ್ಟಿದ್ದರು.) ಅದೇ ವರ್ಷ ಆಗಸ್ಟ್ 26ರಂದು ಅಲಾಸ್ಕಾದ ಮೆಕಿನ್ಲಿಯನ್ನು ಒಬ್ಬನೇ ಹತ್ತಿದ. ಅಲ್ಲಿಗೆ ಐದು ಖಂಡಗಳೂ ಮುಗಿದವು. ವಯಸ್ಸು 29.

1971ರ ಒಂದು ಪ್ರಸಂಗವನ್ನು ಹೇಳಲೇಬೇಕು. ಆ ವರ್ಷ ಹಲವು ದೇಶಗಳ ಪರ್ವತಾರೋಹಿಗಳು ಸೇರಿ ಎವರೆಸ್ಟ್‌ಗೆ ಒಂದು ಅಂತರರಾಷ್ಟ್ರೀಯ ತಂಡ ಕಟ್ಟಿದರು. ದೇಶಗಳ ಗಡಿ ಮೀರಿ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹತ್ತುವುದು ಎಂಬ ಸುಂದರ ಆಶಯ. ಭಾರತದಿಂದ ಮೇಜರ್ ಹರ್ಷವರ್ಧನ ಬಹುಗುಣ ಇದ್ದರು. ಜಪಾನಿನಿಂದ ಉಯೆಮುರ ಮತ್ತು ಇತೊ. ಏಪ್ರಿಲ್ 18ರಂದು ಬಿರುಗಾಳಿಯಲ್ಲಿ ಕೆಳಗಿಳಿಯುತ್ತಿದ್ದ ಬಹುಗುಣ ಅಡ್ಡಹಗ್ಗದ ಮೇಲೆ ಸಿಕ್ಕಿಕೊಂಡು ಚಳಿಗೆ ಪ್ರಾಣಬಿಟ್ಟರು. ಆಮೇಲೆ ಯಾವ ದಾರಿಯಲ್ಲಿ ಹತ್ತಬೇಕು, ಯಾರು ಮುಂದೆ ಹೋಗಬೇಕು ಎಂಬ ಜಗಳ ಶುರುವಾಯಿತು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡಿನವರು ಮುನಿದು ಬಿಟ್ಟುಹೋದರು. ಎವರೆಸ್ಟ್ ನೋಡಿಬಂದಿದ್ದ ಉಯೆಮುರನಿಗೆ ಹಕ್ಕು ಕೇಳಲು ಎಲ್ಲರಿಗಿಂತ ಹೆಚ್ಚು ಕಾರಣವಿತ್ತು. ಆದರೆ ಮುಂದಿದ್ದ ಇಬ್ಬರು ಬ್ರಿಟಿಷರಿಗಾಗಿ ಇತೊ ಮತ್ತು ಅವನು ಸದ್ದಿಲ್ಲದೆ ಹೊರೆ ಸಾಗಿಸುತ್ತಿದ್ದರು. ಶಿಖರ ಯಾರಿಗೂ ದಕ್ಕಲಿಲ್ಲ.

ಅದೇ ವರ್ಷ ಜಪಾನಿನ ಉತ್ತರದ ತುದಿ ವಕ್ಕನಾಯಿಯಿಂದ ದಕ್ಷಿಣದ ಕಗೊಶಿಮವರೆಗೆ ಸುಮಾರು ಮೂರು ಸಾವಿರ ಕಿ.ಮೀ. ದೂರವನ್ನು 52 ದಿನಗಳಲ್ಲಿ ನಡೆದ. ನೋಡಿದವರಿಗೆ ಹುಚ್ಚು ಎನ್ನಿಸಿರಬೇಕು. ಅವನ ತಲೆಯಲ್ಲಿದ್ದದ್ದು ಅಂಟಾರ್ಕ್ಟಿಕಾ. ಆ ಹಿಮಖಂಡವನ್ನು ಅಡ್ಡಹಾಯುವುದೂ ಸುಮಾರು ಮೂರು ಸಾವಿರ ಕಿ.ಮೀ. ಹಾದಿ. ಮೂರು ಸಾವಿರ ಎಂದರೆ ಎಷ್ಟು ಎಂಬುದನ್ನು ಕಾಲಿಗೆ ಕಲಿಸಬೇಕಿತ್ತು.

ಆದರೆ ಹಿಮದಲ್ಲಿ ಬದುಕುವುದನ್ನು ಕಾಲಿಗೆ ಕಲಿಸಿದರೆ ಸಾಲದು. ಹೀಗಾಗಿ 1972ರಲ್ಲಿ ಉಯೆಮುರ ಗ್ರೀನ್‌ಲೆಂಡಿನ ವಾಯವ್ಯ ತುದಿಯ ಸಿಯೊರಪಾಲುಕ್ ಎಂಬ ಹಳ್ಳಿಗೆ ಹೋದ. ಜಗತ್ತಿನ ಅತಿ ಉತ್ತರದ ಹಳ್ಳಿಗಳಲ್ಲಿ ಅದೊಂದು. ಅಲ್ಲಿಂದ ಧ್ರುವ 1,400 ಕಿ.ಮೀ.ಗಿಂತ ಕಡಿಮೆ. ಚಳಿಗಾಲದಲ್ಲಿ ಮೂರೂವರೆ ತಿಂಗಳು ಸೂರ್ಯನೇ ಕಾಣುವುದಿಲ್ಲ. ಅಲ್ಲಿನ ಇನುಯಿಟ್ ಬೇಟೆಗಾರರ ನಡುವೆ ಹತ್ತಿರ ಹತ್ತಿರ ಒಂದು ವರ್ಷ ಇದ್ದ. ಒಂದು ವಯಸ್ಸಾದ ದಂಪತಿ ಅವನನ್ನು ಮಗನಂತೆ ಇಟ್ಟುಕೊಂಡರು.

ಉಯೆಮುರನ ಬದುಕಿನಲ್ಲಿ ನಿಜವಾದ ವಿದ್ಯಾಭ್ಯಾಸ ಎಂದರೆ ಇದೇ. ಅದಕ್ಕೂ ಮೊದಲು ಧ್ರುವಗಳಿಗೆ ಹೋದ ಅನೇಕ ಯೂರೋಪಿಯನ್ನರು ತಮ್ಮ ಊಟ, ತಮ್ಮ ಉಡುಪು, ತಮ್ಮ ಶಿಸ್ತುಗಳನ್ನು ಕಟ್ಟಿಕೊಂಡು ಹೋಗಿದ್ದರು. ಸ್ಕರ್ವಿ ರೋಗ ಬಂದು ಒಸಡಿನಲ್ಲಿ ರಕ್ತ ಸುರಿಸಿದರು. ತರಕಾರಿ, ಹಣ್ಣು ಕಾಣದ ಇನುಯಿಟ್ ಜನಕ್ಕೆ ಆ ರೋಗ ಬರುತ್ತಿರಲಿಲ್ಲ. ಕಾರಣ ಹಸಿ ಮಾಂಸ ಮತ್ತು ತಿಮಿಂಗಿಲದ ಚರ್ಮದಲ್ಲಿರುವ ‘ಸಿ’ ಜೀವಸತ್ವ. ಬೇಯಿಸಿದರೆ ಅದರ ಬಹುಭಾಗ ನಾಶ. ಉಯೆಮುರ ಸೀಲ್ ಮಾಂಸವನ್ನು ಹಸಿಯಾಗಿ ತಿನ್ನುವುದನ್ನು ಕಲಿತ. ಮೊದಮೊದಲು ವಾಕರಿಕೆ. ಆಮೇಲೆ ‘ಕಿವಿಯಾಕ್’ ಅವನಿಗೆ ಅಚ್ಚುಮೆಚ್ಚಾಯಿತು. ನೂರಾರು ಪುಟ್ಟ ಕಡಲಹಕ್ಕಿಗಳನ್ನು ಪುಕ್ಕದ ಸಮೇತ ಸೀಲ್ ಚರ್ಮದ ಚೀಲದಲ್ಲಿ ತುಂಬಿ, ಹೊಲಿದು, ಕಲ್ಲುಗಳ ಕೆಳಗೆ ತಿಂಗಳುಗಟ್ಟಲೆ ಹುಳಿಯಲು ಬಿಟ್ಟು ಮಾಡುವ ಹಬ್ಬದ ತಿನಿಸು ಅದು. ನಮ್ಮ ಓದುಗರಲ್ಲಿ ಕೆಲವರಿಗೆ ಇದನ್ನು ಓದಿಯೇ ಮುಖ ಸಿಂಡರಿಸಿರಬಹುದು. ಆ ನೆಲದಲ್ಲಿ ಬೇರೇನು ಬೆಳೆಯುತ್ತದೆ ಎಂದು ಕೇಳಿಕೊಂಡರೆ ಸಾಕು.

ನಾಯಿಗಾಡಿ ಹೊಡೆಯುವುದಂತೂ ಇನ್ನೊಂದು ವಿದ್ಯೆ. ಗ್ರೀನ್‌ಲೆಂಡಿನಲ್ಲಿ ನಾಯಿಗಳನ್ನು ಎತ್ತಿನ ಗಾಡಿಯಂತೆ ಜೋಡಿಯಾಗಿ ಕಟ್ಟುವುದಿಲ್ಲ. ಪ್ರತಿ ನಾಯಿಗೂ ಬೇರೆ ಹಗ್ಗ. ಬೀಸಣಿಗೆ ಬಿಚ್ಚಿದಂತೆ ಹರಡಿಕೊಂಡು ಎಳೆಯುತ್ತವೆ. ಕೆಳಗಿನ ಮಂಜುಗಡ್ಡೆ ತೆಳುವಾಗಿದ್ದರೆ ಭಾರ ಒಂದೇ ಕಡೆ ಬೀಳದಿರಲಿ ಎಂಬುದು ಇದರ ಗುಟ್ಟು. ಮುಂದಾಳು ನಾಯಿ ಒಂದು ಇರುತ್ತದೆ. ಅದು ಯಜಮಾನನ ಮಾತು ಕೇಳಿದರೆ ಉಳಿದವು ಅದರ ಮಾತು ಕೇಳುತ್ತವೆ. ಮೊದಲ ದಿನಗಳಲ್ಲಿ ಉಯೆಮುರನ ಮಾತನ್ನು ಯಾವ ನಾಯಿಯೂ ಕೇಳಲಿಲ್ಲ. ವರ್ಷ ಕಳೆಯುವುದರೊಳಗೆ ಸಿಯೊರಪಾಲುಕ್‌ನಿಂದ ಉಪರ್ನವಿಕ್‌ಗೆ ಹೋಗಿ ಬಂದು ಮೂರು ಸಾವಿರ ಕಿ.ಮೀ. ಗಾಡಿ ಓಡಿಸಿದ್ದ.

1974ರಲ್ಲಿ ಕಿಮಿಕೊ ಎಂಬಾಕೆಯನ್ನು ಮದುವೆಯಾದ. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಗ್ರೀನ್‌ಲೆಂಡಿನಿಂದ ಅಲಾಸ್ಕಾಕ್ಕೆ ಹೊರಟ: ನಾಯಿಗಾಡಿಯಲ್ಲಿ, ಒಬ್ಬನೇ, 12 ಸಾವಿರ ಕಿ.ಮೀ. ಮುಟ್ಟಿದ್ದು 1976ರ ಮೇ ತಿಂಗಳಲ್ಲಿ. ದಾರಿಯಲ್ಲಿ ಒಮ್ಮೆ ನಾಯಿಗಳು ಹಗ್ಗ ಬಿಡಿಸಿಕೊಂಡು ಓಡಿಹೋದವು. ಹಿಮದ ಮಧ್ಯೆ ನಾಯಿಗಳಿಲ್ಲದ ಗಾಡಿ ಎಂದರೆ ಶವಪೆಟ್ಟಿಗೆಯೇ. ಕೊನೆಗೆ ಅನ್ನಾ ಎಂಬ ಹೆಣ್ಣುನಾಯಿ ಕೆಲವನ್ನು ಹಿಂದಕ್ಕೆ ಕರೆತಂದಿತು. ಅನ್ನಾ ಆ ಪಯಣದ ಮುಂದಾಳು. ಉಯೆಮುರನ ಪುಸ್ತಕದ ಓದುಗರಿಗೆ ಅದು ಕಥಾನಾಯಕಿಯಷ್ಟೇ ಪ್ರಿಯ.

ಇನ್ನು ಉತ್ತರ ಧ್ರುವ. ದಕ್ಷಿಣ ಧ್ರುವದಲ್ಲಿ ಹಿಮದ ಕೆಳಗೆ ನೆಲವಿದೆ. ಉತ್ತರದಲ್ಲಿ ನೆಲವಿಲ್ಲ, ಸಮುದ್ರವಿದೆ. ಅದರ ಮೇಲೆ ತೇಲುವ ಮಂಜುಗಡ್ಡೆಯ ತೊಗಟೆಯ ಮೇಲೆಯೇ ನಡೆಯಬೇಕು. ಗಾಳಿ ಮತ್ತು ಪ್ರವಾಹಕ್ಕೆ ಅದು ಸರಿಯುತ್ತಿರುತ್ತದೆ. ಎರಡು ಹಾಸುಗಳು ಡಿಕ್ಕಿ ಹೊಡೆದಲ್ಲಿ ಮನೆಯೆತ್ತರದ ಗಡ್ಡೆಗಳ ಗೋಡೆ ಏಳುತ್ತದೆ. ದೂರ ಸರಿದಲ್ಲಿ ಕಪ್ಪು ನೀರಿನ ಕಾಲುವೆ ಬಾಯಿ ತೆರೆಯುತ್ತದೆ. ದಿನವಿಡೀ ಉತ್ತರಕ್ಕೆ ನಡೆದು, ರಾತ್ರಿ ಮಲಗಿ ಎದ್ದರೆ ಕೆಳಗಿನ ಹಾಸು ಮತ್ತೆ ದಕ್ಷಿಣಕ್ಕೆ ತಂದುಬಿಟ್ಟಿರಬಹುದು.

1978ರ ಮಾರ್ಚ್ ಮೊದಲ ವಾರ ಕೆನಡಾದ ಉತ್ತರ ತುದಿಯಿಂದ ಉಯೆಮುರ ಹೊರಟ. ಧ್ರುವಕ್ಕೆ ನೇರ ಗೆರೆಯಲ್ಲಿ ಸುಮಾರು 770 ಕಿ.ಮೀ. ನಾಲ್ಕನೆಯ ದಿನ ಒಂದು ಹಿಮಕರಡಿ ಬಿಡಾರಕ್ಕೆ ನುಗ್ಗಿತು. ಆಹಾರವನ್ನೆಲ್ಲ ತಿಂದು, ಡೇರೆ ಹರಿದು, ನಿದ್ದೆಚೀಲದೊಳಗೆ ಉಸಿರು ಬಿಗಿಹಿಡಿದು ಬಿದ್ದಿದ್ದವನನ್ನು ಮೂತಿಯಿಂದ ಮೂಸಿ ನೋಡಿ ಹೋಯಿತು. ಮರುದಿನ ಮತ್ತೆ ಬಂದಾಗ ಕೋವಿ ಸಿದ್ಧವಾಗಿತ್ತು. ಐದನೆಯ ವಾರದಲ್ಲಿ ಮಲಗಿದ್ದ ಹಾಸೇ ಒಡೆದು, ಅವನೂ ನಾಯಿಗಳೂ ಒಂದು ಚೂರಿನ ಮೇಲೆ ದ್ವೀಪವಾಗಿ ಉಳಿದರು. ಬೆಳಗಾದ ಮೇಲೆ ಒಂದು ಮೀಟರ್ ಅಗಲದ ಹಿಮಸೇತುವೆ ಕಂಡು ಅದರ ಮೇಲೆ ಗಾಡಿ ಓಡಿಸಿ ಪಾರಾದ. ದಾರಿಯಲ್ಲಿ ಒಂದು ನಾಯಿ ಮರಿಗಳನ್ನೂ ಹಾಕಿತು! ಏಪ್ರಿಲ್ ಮುಗಿಯುವ ಹೊತ್ತಿಗೆ ಧ್ರುವ ಮುಟ್ಟಿದ.

ಒಬ್ಬನೇ ಹೋದ ಎನ್ನುವಾಗ ಒಂದು ಮಾತು ಸೇರಿಸಬೇಕು. ಆಹಾರ ಮತ್ತು ಹೊಸ ನಾಯಿಗಳನ್ನು ವಿಮಾನ ತಂದುಕೊಟ್ಟಿತ್ತು. ಅವನ ಗಾಡಿಯಲ್ಲಿದ್ದ ಪುಟ್ಟ ಯಂತ್ರ ಹೊರಡಿಸುತ್ತಿದ್ದ ಸಂಕೇತವನ್ನು ನಿಂಬಸ್-6 ಎಂಬ ಅಮೆರಿಕದ ಉಪಗ್ರಹ ಹಿಡಿದು, ಅವನು ಎಲ್ಲಿದ್ದಾನೆ ಎಂಬುದನ್ನು ಭೂಮಿಗೆ ತಿಳಿಸುತ್ತಿತ್ತು. 1909ರಲ್ಲಿ ಧ್ರುವ ಮುಟ್ಟಿದೆ ಎಂದ ಪಿಯರಿಯ ಮಾತನ್ನು ಇಂದಿಗೂ ಅನುಮಾನಿಸುವವರಿದ್ದಾರೆ. ಉಯೆಮುರನ ವಿಷಯದಲ್ಲಿ ಆ ತಕರಾರು ಏಳಲಿಲ್ಲ. ಯಾರ ನೆರವೂ ಇಲ್ಲದೆ, ನಾಯಿಯೂ ಇಲ್ಲದೆ ಒಬ್ಬನೇ ಅಲ್ಲಿಗೆ ಹೋಗುವುದು ನಾರ್ವೆಯ ಬೋರ್ಗೆ ಔಸ್ಲಾಂಡ್‌ಗೆ 1994ರಲ್ಲಿ ಸಾಧ್ಯವಾಯಿತು. ಅದರಿಂದ ಉಯೆಮುರನ ಸಾಹಸ ಕಿರಿದಾಗುವುದಿಲ್ಲ. ಕರಡಿ ಮೂಸುವಾಗ ಉಪಗ್ರಹ ಏನು ಮಾಡೀತು?

ಧ್ರುವದಿಂದ ಬಂದವನೇ ಗ್ರೀನ್‌ಲೆಂಡನ್ನು ಉತ್ತರದಿಂದ ದಕ್ಷಿಣಕ್ಕೆ, 2,600 ಕಿ.ಮೀ. ಸೀಳಿಕೊಂಡು ಬಂದ. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಸೆಪ್ಟೆಂಬರ್ ಸಂಚಿಕೆಯ ಮುಖಪುಟದಲ್ಲಿ ಅವನ ಚಿತ್ರ ಹಾಕಿತು.

ಇಲ್ಲಿಂದ ಕಥೆಯ ಬಣ್ಣ ಬದಲಾಗುತ್ತದೆ. ಸಾಹಸವನ್ನೇ ವೃತ್ತಿ ಮಾಡಿಕೊಂಡವರಿಗೆ ಹಣ ಎಲ್ಲಿಂದ ಬರುತ್ತದೆ? ಇದು ಹಳೆಯ ಪ್ರಶ್ನೆ. ದಕ್ಷಿಣ ಧ್ರುವ ಗೆದ್ದ ಅಮುಂಡ್ಸನ್ ಕೂಡ 1924ರಲ್ಲಿ ದಿವಾಳಿ ಅರ್ಜಿ ಹಾಕಿದವನೇ. ದ್ರಾಕ್ಷಿ ಕಿತ್ತು ಕೂಡಿಟ್ಟ ದುಡ್ಡಿನಲ್ಲಿ ಕಿಲಿಮಂಜಾರೊ ಹತ್ತಬಹುದು. ಧ್ರುವಕ್ಕೆ ವಿಮಾನ ತರಿಸಲಾಗದು. ವಿಮಾನ ಬೇಕೆಂದರೆ ಟಿ.ವಿ., ಪತ್ರಿಕೆ, ಪ್ರಕಾಶಕ, ಜಾಹೀರಾತು ಕಂಪೆನಿ ಬೇಕು. ಅವರಿಗೆ ಮುಂದಿನ ಸುದ್ದಿ ಬೇಕು, ಅದು ಹಿಂದಿನದಕ್ಕಿಂತ ದೊಡ್ಡದಾಗಿರಬೇಕು. ಪತ್ರಿಕೆಯಲ್ಲಿ ಕೆಲಸ ಮಾಡುವ ನಾವು ಈ ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲೇ ಹೇಳಬೇಕು. ಯಾರ ಶ್ರಮದ ಕೀರ್ತಿಯನ್ನೂ ತೆಗೆದುಕೊಳ್ಳಬಾರದೆಂದು ಒಂಟಿಯಾಗಿ ಹೊರಟ ಸಂಕೋಚದ ಹುಡುಗ ಈಗ ಒಂದು ದೇಶದ ಕಣ್ಣಿನ ಮುಂದೆ ಒಂಟಿಯಾಗಿ ನಡೆಯಬೇಕಿತ್ತು.

ಮತ್ತು ಗೆಲುವು ಮೊದಲಿನಂತೆ ಕೈಗೆ ಸಿಗಲಿಲ್ಲ. 1980-81ರ ಚಳಿಗಾಲದಲ್ಲಿ ಅವನ ನೇತೃತ್ವದ ತಂಡ ಎವರೆಸ್ಟ್‌ಗೆ ಹೋಯಿತು. ಒಬ್ಬ ಸದಸ್ಯ ಸತ್ತ. ತಂಡ ಶಿಖರ ಮುಟ್ಟದೆ ಹಿಂದಿರುಗಿತು. 1982ರಲ್ಲಿ ಕೊನೆಗೂ ಅಂಟಾರ್ಕ್ಟಿಕಾ. ಅರ್ಜೆಂಟೀನಾದ ಸೈನ್ಯ ನೆರವು ಕೊಡಲು ಒಪ್ಪಿತ್ತು. ಅವರ ನೆಲೆಯಲ್ಲಿ ನಾಯಿಗಳನ್ನು ಪಳಗಿಸುತ್ತಾ ಕಾಯುತ್ತಿದ್ದಾಗ ಏಪ್ರಿಲ್‌ನಲ್ಲಿ ಫಾಕ್‌ಲೆಂಡ್ ಯುದ್ಧ ಸಿಡಿಯಿತು. ಯುದ್ಧ ಸೋತ ಸೈನ್ಯಕ್ಕೆ ಒಬ್ಬ ಜಪಾನೀಯನ ಕನಸು ಹೊರುವ ಚೈತನ್ಯ ಎಲ್ಲಿರುತ್ತದೆ? ಸುಮಾರು ಒಂದು ವರ್ಷ ಆ ಹಿಮಖಂಡದ ಅಂಚಿನಲ್ಲೇ ಕುಳಿತು, ಒಳಗೆ ಕಾಲಿಡದೆ, 1983ರ ಮಾರ್ಚ್‌ನಲ್ಲಿ ಊರಿಗೆ ಮರಳಿದ. ಹನ್ನೆರಡು ವರ್ಷದ ಹಿಂದೆ ಜಪಾನಿನ ಉದ್ದಕ್ಕೂ ಸವೆಸಿದ ಆ ಮೂರು ಸಾವಿರ ಕಿ.ಮೀ. ಹಾಗೇ ಉಳಿಯಿತು.

ಆ ಹೊತ್ತಿಗೆ ಅವನ ಮನಸ್ಸಿನಲ್ಲಿ ಇನ್ನೊಂದು ಯೋಚನೆ ಬೆಳೆದಿತ್ತು. ಹೊಕ್ಕೈದೊ ದ್ವೀಪದಲ್ಲಿ ಮಕ್ಕಳಿಗಾಗಿ ಒಂದು ಬಯಲು ಶಾಲೆ ತೆರೆಯಬೇಕು. ಹಿಮದಲ್ಲಿ, ಕಾಡಿನಲ್ಲಿ ಬದುಕುವುದನ್ನು ಹೇಳಿಕೊಡಬೇಕು. ಇಂಥ ಶಾಲೆ ಹೇಗೆ ನಡೆಯುತ್ತದೆ ಎಂದು ನೋಡಲು ಅಮೆರಿಕದ ಮಿನ್ನೆಸೋಟಾಕ್ಕೆ ಹೋಗಿ ಅಲ್ಲಿನ ಔಟ್‌ವರ್ಡ್ ಬೌಂಡ್ ಶಾಲೆಯಲ್ಲಿ ಕೆಲವು ತಿಂಗಳು ಇದ್ದ. ಅಲ್ಲಿಂದ ಊರಿಗೆ ಬರುವ ಮೊದಲು ಒಂದು ಸಣ್ಣ ಕೆಲಸ ಮುಗಿಸಿಕೊಂಡು ಬರೋಣ ಎಂಬಂತೆ ಮೆಕಿನ್ಲಿಯ ಕಡೆ ತಿರುಗಿದ.

ಸಣ್ಣ ಕೆಲಸ! ಆ ಪರ್ವತಕ್ಕೆ ಅಲ್ಲಿನ ಮೂಲನಿವಾಸಿಗಳ ಹೆಸರು ಡೆನಾಲಿ, ಎತ್ತರದ್ದು ಎಂದರ್ಥ. 2015ರಲ್ಲಿ ಅಮೆರಿಕ ಸರ್ಕಾರ ಆ ಹೆಸರನ್ನೇ ಅಧಿಕೃತ ಮಾಡಿತು, 2025ರಲ್ಲಿ ಮತ್ತೆ ಮೆಕಿನ್ಲಿ ಎಂದಿತು. ಎತ್ತರ 6,190 ಮೀಟರ್. ಎವರೆಸ್ಟ್‌ನ ಮುಂದೆ ಕಡಿಮೆ ಎನಿಸಬಹುದು. ಆದರೆ ವಿಮಾನ ಇಳಿಸುವ ಹಿಮನದಿಯ ಎತ್ತರ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಹೆಚ್ಚು. ಅಲ್ಲಿಂದ ಸುಮಾರು ನಾಲ್ಕು ಸಾವಿರ ಮೀಟರ್ ಹತ್ತಬೇಕು. ಮೇಲಾಗಿ ಅದು ಧ್ರುವಕ್ಕೆ ಹತ್ತಿರ. ಭೂಮಿಯ ಗಾಳಿಯ ಹೊದಿಕೆ ಸಮಭಾಜಕದ ಬಳಿ ದಪ್ಪ, ಧ್ರುವದ ಕಡೆ ತೆಳು. ಚಳಿಗಾಲದಲ್ಲಿ ಇನ್ನೂ ತೆಳು. ಹೀಗಾಗಿ ಅಲ್ಲಿನ ತುದಿಯಲ್ಲಿ ಸಿಗುವ ಪ್ರಾಣವಾಯು ಹಿಮಾಲಯದಲ್ಲಿ ಅಷ್ಟೇ ಎತ್ತರದಲ್ಲಿ ಸಿಗುವುದಕ್ಕಿಂತ ಕಡಿಮೆ. 1967ರಲ್ಲಿ ಮೊದಲ ಬಾರಿ ಚಳಿಗಾಲದಲ್ಲಿ ಹತ್ತಿದ ಎಂಟು ಜನರ ತಂಡದಲ್ಲಿ ಒಬ್ಬ ಹಿಮಬಿರುಕಿಗೆ ಬಿದ್ದು ಸತ್ತ. ತುದಿ ಮುಟ್ಟಿದ ಮೂವರು ಇಳಿಯುವಾಗ ಬಿರುಗಾಳಿಗೆ ಸಿಕ್ಕಿ, ಸುಮಾರು 18 ಸಾವಿರ ಅಡಿಯಲ್ಲಿ ಹಿಮದ ಗುಹೆ ಕೊರೆದು ದಿನಗಟ್ಟಲೆ ಅದರೊಳಗೆ ಬಿದ್ದಿದ್ದರು.

ಫೆಬ್ರವರಿ 1ರಂದು ಉಯೆಮುರ ಹತ್ತಲು ತೊಡಗಿದಾಗ ಡೇರೆ ಒಯ್ಯಲಿಲ್ಲ. ರಾತ್ರಿಗೆ ಹಿಮದಲ್ಲಿ ಗುಹೆ ಕೊರೆದುಕೊಂಡರಾಯಿತು. ಇಂಧನ ಉಳಿಸಲು ತಣ್ಣನೆಯ ಊಟ, ಹಸಿ ಮಾಂಸ. ಹಿಮಬಿರುಕಿಗೆ ಬಿದ್ದರೆ ಅಡ್ಡವಾಗಿ ಸಿಕ್ಕಿಕೊಳ್ಳಲೆಂದು ಉದ್ದನೆಯ ಬಿದಿರುಗಳನ್ನು ಸೊಂಟ ಮತ್ತು ಹೆಗಲಿಗೆ ಕಟ್ಟಿಕೊಂಡಿದ್ದ. ಮೋ ಬ್ಲಾಂನಲ್ಲಿ ಕಲಿತ ಪಾಠಕ್ಕೆ ಇಪ್ಪತ್ತು ವರ್ಷದ ಮೇಲೆ ಸಿಕ್ಕ ಉತ್ತರ ಅದು. ಹೊರೆ ಹಗುರವಾದಷ್ಟೂ ಬೇಗ ಹೋಗಬಹುದು, ಬೇಗ ಹೋದಷ್ಟೂ ಚಳಿಗೆ ಸಿಕ್ಕುವ ಹೊತ್ತು ಕಡಿಮೆ ಎಂಬ ಲೆಕ್ಕದಲ್ಲಿ ತಪ್ಪಿಲ್ಲ. ಎಲ್ಲೋ ಒಂದು ದಿನ ಬಿರುಗಾಳಿ ತಡೆದರೆ ಮಾತ್ರ ಲೆಕ್ಕಕ್ಕೆ ಶಿಲ್ಕು ಉಳಿಯುವುದಿಲ್ಲ.

13ರ ರೇಡಿಯೋ ಮಾತಿನ ಬಳಿಕ ಹವೆ ಕೆಟ್ಟಿತು. ಹವೆ ತಿಳಿಯಾದ ಮೇಲೆ ವಿಮಾನಗಳು ಹುಡುಕಿದವು. ಅಮೆರಿಕದ ಜಿಮ್ ವಿಕ್‌ವೈರ್ ಮತ್ತು ಜಪಾನಿನ ಎಯ್‌ಹೊ ಒತಾನಿ 14 ಸಾವಿರ ಅಡಿಯ ಆಸುಪಾಸಿನಲ್ಲಿ ಇಳಿದು ಹುಡುಕಿದಾಗ ಒಂದು ಹಿಮಗುಹೆ ಸಿಕ್ಕಿತು. ಅದರಲ್ಲಿ ಅವನು ಹೊರೆ ಇಳಿಸಲೆಂದು ಬಿಟ್ಟುಹೋದ ದಿನಚರಿ. ಬಿರುಕುಗಳಿಗೆ ಕಾಲು ಜಾರಿದ್ದು, ಮೈನಸ್ 40 ಡಿಗ್ರಿ ಚಳಿ, ಕರಗುತ್ತಿದ್ದ ಆಹಾರ, ಬೇಸರ ಕಳೆಯಲು ಹಾಡಿಕೊಂಡ ಹಾಡುಗಳು, ಬೆಚ್ಚಗಿನ ನಿದ್ದೆಚೀಲದ ಆಸೆ, ಏನೇ ಆದರೂ ಹತ್ತಿಯೇ ತೀರುತ್ತೇನೆಂಬ ಹಟ ಎಲ್ಲವೂ ಅದರಲ್ಲಿದ್ದವು. ಬೇಸಿಗೆಗೆ ಮೇಜಿ ವಿಶ್ವವಿದ್ಯಾಲಯದ ಹಳೆಯ ಗೆಳೆಯರು ಹೋದರು. ಶಿಖರದ ಬಳಿ ಅವನು ನೆಟ್ಟ ಬಾವುಟ ಇತ್ತು. ಅವನು ಇರಲಿಲ್ಲ. ಡೆನಾಲಿ ಕಣಿವೆಯ ಕೆಳಗಿನ ಕಡಿದಾದ ಇಳಿಜಾರಿನಲ್ಲಿ ಬಿದ್ದಿರಬೇಕು ಎಂಬುದು ಅನೇಕರ ಊಹೆ. ಆ ಜಾಗದಲ್ಲಿ ಹಲವರು ಸತ್ತಿದ್ದಾರೆ. ದೇಹ ಇಂದಿಗೂ ಸಿಕ್ಕಿಲ್ಲ.

ಸಾಹಸ ಎಂದರೆ ಜೀವಂತ ಮರಳುವುದು ಎಂದು ಉಯೆಮುರ ಹೇಳುತ್ತಿದ್ದ. ಹುಡುಕಾಟ ನಿಂತ ಮೇಲೆ ಪತ್ರಕರ್ತರು ಕಿಮಿಕೊ ಅವರ ಮುಂದೆ ಧ್ವನಿವರ್ಧಕ ಹಿಡಿದರು. ಅಷ್ಟು ದೊಡ್ಡ ಮಾತಾಡುತ್ತಿದ್ದವರು ಈಗ ಹೀಗೆ ಮಾಡಿದ್ದು ಸ್ವಲ್ಪ ಬೇಜವಾಬ್ದಾರಿ ಅಲ್ಲವೇ ಎಂಬರ್ಥದಲ್ಲಿ ಆಕೆ ಆಡಿದ ಮಾತು ಜಪಾನಿನಲ್ಲಿ ಇಂದಿಗೂ ನೆನಪಿದೆ. ಹತ್ತು ವರ್ಷದ ದಾಂಪತ್ಯ. ಅದರಲ್ಲಿ ಗಂಡ ಮನೆಯಲ್ಲಿದ್ದ ದಿನಗಳನ್ನು ಎಣಿಸಿದರೆ ಎಷ್ಟಾದೀತು? ಅದೇ ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರ ಅವನಿಗೆ ರಾಷ್ಟ್ರೀಯ ಗೌರವ ಪ್ರಶಸ್ತಿ ನೀಡಿತು. ಮಕ್ಕಳ ಬಯಲು ಶಾಲೆ 1985ರಲ್ಲಿ ಹೊಕ್ಕೈದೊದ ಒಬಿಹಿರೊದಲ್ಲಿ ಅವನ ಹೆಸರಿನಲ್ಲಿ ಶುರುವಾಯಿತು.

ಚಳಿಗಾಲದ ಡೆನಾಲಿಯನ್ನು ಒಬ್ಬನೇ ಹತ್ತಿ ಜೀವಂತ ಇಳಿದ ಮೊದಲಿಗ ಅಮೆರಿಕದ ವರ್ನ್ ತೇಜಸ್, 1988ರಲ್ಲಿ. ಹಿಮಬಿರುಕಿನ ಭಯಕ್ಕೆ ಅವನು ಬಿದಿರಿನ ಬದಲು ಅಲ್ಯುಮಿನಿಯಂ ಏಣಿಯನ್ನು ಕಟ್ಟಿಕೊಂಡಿದ್ದ. ಮರುವರ್ಷ ಚಳಿಗಾಲದಲ್ಲಿ ಅಲ್ಲಿಗೆ ಹೋದ ಜಪಾನಿನ ಹೆಸರಾಂತ ಆರೋಹಿ ನೊಬೊರು ಯಮದ ಮತ್ತು ಅವನ ಇಬ್ಬರು ಸಂಗಡಿಗರು ಹಿಂದಿರುಗಲಿಲ್ಲ.

ಉಯೆಮುರ ಹುಟ್ಟಿದ ಊರಿನಲ್ಲಿ 1994ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಅವನ ನಾಯಿಗಾಡಿ, ಉಡುಪು, ಸಲಕರಣೆಗಳು ಅಲ್ಲಿವೆ. ಕಟ್ಟಡದ ಹೆಚ್ಚಿನ ಭಾಗ ನೆಲದೊಳಗೆ ಹುದುಗಿದೆ. ಒಳಗೆ ಹೋಗುವ ದಾರಿ ಉದ್ದಕ್ಕೆ ಸೀಳಿದ ಒಂದು ಕಿರಿದಾದ ಓಣಿ, ಎರಡೂ ಕಡೆ ಎತ್ತರದ ಗೋಡೆ, ಮೇಲಿನಿಂದ ಬೆಳಕು. ನೋಡಲು ಬರುವ ಶಾಲೆಯ ಮಕ್ಕಳು ಆ ಹಿಮಬಿರುಕಿನ ಮೂಲಕವೇ ನಡೆದು ಹೋಗುತ್ತಾರೆ.